ಕಾರೈನಿಂದ ನಿನಿಯೂರಿಗೆ: ಕಲ್ಲಾದ ಕಡಲನ್ನು ನೋಡಲು ಹೋಗುವವರಿಗೆ

ಮನೆಯಲ್ಲಿ ಸಾಲಿಗ್ರಾಮ ಪೂಜೆ ಇದ್ದವರಿಗೆ ಅಮೊನೈಟ್ ಹೊಸದಲ್ಲ, ಹೆಸರು ಮಾತ್ರ ಹೊಸದು. ಗಂಡಕಿ ನದಿಯಿಂದ ಬರುವ ಎಷ್ಟೋ ಕರಿಗಲ್ಲುಗಳ ಒಳಗೆ ಕಾಣುವ ಚಕ್ರ ಒಂದು ಕಡಲ ಜೀವಿಯ ಚಿಪ್ಪಿನ ಅಚ್ಚು. ಅಂಥದ್ದೇ ಚಿಪ್ಪುಗಳು ನೆಲದಲ್ಲೇ ಬಿದ್ದಿರುವ ಒಂದು ಜಾಗ ನಮಗೆ ಹತ್ತಿರದಲ್ಲೇ ಇದೆ. ಅದು ತಮಿಳುನಾಡಿನ ಪೆರಂಬಲೂರು, ಅರಿಯಲೂರು ಜಿಲ್ಲೆಗಳ ಕಡೆ. ಬೆಂಗಳೂರಿನಿಂದ ಸೇಲಂ ಮೇಲೆ ಹೋದರೆ ಪೆರಂಬಲೂರಿಗೆ 300 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ.

ಕರ್ನಾಟಕದಲ್ಲಿ ಹುಟ್ಟಿ ಬೆಳೆದವರಿಗೆ ಇಂಥ ಕಲ್ಲು ನೋಡುವ ಅವಕಾಶ ಕಡಿಮೆ. ನಮ್ಮ ನೆಲದ ಬಹುಭಾಗ ಲಾಲ್‌ಬಾಗ್ ಬಂಡೆಯ ಹಾಗೆ ತುಂಬ ಹಳೆಯ, ಗಟ್ಟಿ ಬಂಡೆ. ಅದರ ವಯಸ್ಸು 300 ಕೋಟಿ ವರ್ಷದ ಆಸುಪಾಸು. ಚಿಪ್ಪು, ಮೂಳೆ ಇರುವ ಪ್ರಾಣಿಗಳು ಆಗ ಹುಟ್ಟಿರಲೇ ಇಲ್ಲ. ಬಾಗಲಕೋಟೆ ಕಡೆಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು ಕಾಣುತ್ತವೆ. ಅವೂ ಚೆಂದವೇ. ಆದರೆ ಕೈಯಲ್ಲಿ ಹಿಡಿಯುವಂಥ ಶಂಖ, ಚಿಪ್ಪು, ಹಲ್ಲು ನೋಡಬೇಕೆಂದರೆ ಗಡಿ ದಾಟಬೇಕು.

ಎರಡು ದಿನ ಬಿಡುವು ಮಾಡಿಕೊಂಡು ಹೋಗುವವರಿಗಾಗಿ ಈ ಲೇಖನ. ಪಳೆಯುಳಿಕೆ ಎತ್ತಿಕೊಂಡು ಬರುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ನೋಡುವುದು ಹೇಗೆ, ಬರೆದುಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ದಿಕ್ಕು ತಿಳಿದುಕೊಳ್ಳಿ

ಇಡೀ ಪ್ರವಾಸಕ್ಕೆ ಒಂದೇ ಸೂತ್ರ: ಪಶ್ಚಿಮದಿಂದ ಪೂರ್ವಕ್ಕೆ ಹೋಗಿ. ಇಲ್ಲಿನ ಕಲ್ಲಿನ ಪದರಗಳು ಪೂರ್ವಕ್ಕೆ ಸ್ವಲ್ಪ ವಾಲಿವೆ. ಒಂದರ ಮೇಲೊಂದು ಜೋಡಿಸಿದ ರೊಟ್ಟಿಗಳನ್ನು ಓರೆಯಾಗಿ ಇಟ್ಟು, ಮೇಲ್ಭಾಗವನ್ನು ಮಟ್ಟವಾಗಿ ಕತ್ತರಿಸಿದರೆ ಎಲ್ಲ ರೊಟ್ಟಿಗಳ ಅಂಚೂ ಕಾಣುತ್ತದಲ್ವಾ? ಹಾಗೆಯೇ ಇಲ್ಲೂ. ಪಶ್ಚಿಮದಲ್ಲಿ ಕೆಳಗಿನ ಹಳೆಯ ಪದರ ಕಾಣುತ್ತದೆ. ಪೂರ್ವಕ್ಕೆ ಹೋದಂತೆ ಹೊಸ ಪದರಗಳು ಸಿಗುತ್ತವೆ.

ಪಶ್ಚಿಮದ ಅಂಚಿನಲ್ಲಿ ನಮ್ಮ ಕಡೆಯಂಥದ್ದೇ ಹಳೆಯ ಬಂಡೆ ಇದೆ. ಅದರ ಪಕ್ಕದಲ್ಲೇ ತೆರಣಿ ಎಂಬ ಊರಿನ ಬಿಳಿ ಜೇಡಿಮಣ್ಣಿನ ಗುಂಡಿಗಳಲ್ಲಿ ಎಲೆಗಳ ಅಚ್ಚುಗಳಿವೆ. ಆಮೇಲೆ ಬರುವುದು ಊಟ್ಟತ್ತೂರು ಗುಂಪು. ಕಾರೈ ಪದರಗಳು ಇದರಲ್ಲೇ ಬರುತ್ತವೆ. ಅದರ ನಂತರ ತಿರುಚಿನಾಪಳ್ಳಿ ಗುಂಪು, ಆಮೇಲೆ ಅರಿಯಲೂರು ಗುಂಪು, ಕೊನೆಗೆ ನಿನಿಯೂರು. ಇವೆಲ್ಲ ಅಲ್ಲಿನ ಊರುಗಳ ಹೆಸರುಗಳೇ. ಇಲ್ಲಿನ ಪದರಗಳನ್ನು ಮೊದಲು ಸರಿಯಾಗಿ ವಿಂಗಡಿಸಿ 1862ರಲ್ಲಿ ಪ್ರಕಟಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಚ್. ಎಫ್. ಬ್ಲಾನ್‌ಫರ್ಡ್. ಪಳೆಯುಳಿಕೆಗಳನ್ನು ಒಂದೊಂದಾಗಿ ಚಿತ್ರ ಸಮೇತ ದಾಖಲಿಸಿದವರು ಫರ್ಡಿನಾಂಡ್ ಸ್ಟೋಲಿಚ್ಕ. ಯುರೋಪಿನ ಮೊರಾವಿಯಾದವರು. ಹತ್ತಾರು ವರ್ಷ ಬದುಕಿದ್ದರೆ ಇನ್ನೆಷ್ಟು ಬರೆಯುತ್ತಿದ್ದರೋ. 1874ರಲ್ಲಿ ಯಾರ್ಕಂದ್ ಕಡೆಯಿಂದ ಹಿಂತಿರುಗುವಾಗ ಲಡಾಖ್‌ನಲ್ಲಿ ತೀರಿಕೊಂಡರು.

ಇಲ್ಲಿಗೆ ಕಡಲು ಹೇಗೆ ಬಂತು? ಒಂದು ಕಾಲದಲ್ಲಿ ನಮ್ಮ ಪೂರ್ವ ಕರಾವಳಿ ಅಂಟಾರ್ಕ್ಟಿಕಾಕ್ಕೆ ಅಂಟಿಕೊಂಡಿತ್ತು. ಸುಮಾರು 13 ಕೋಟಿ ವರ್ಷಗಳ ಹಿಂದೆ ಅದು ಬಿರಿಯತೊಡಗಿತು. ಬಿರುಕಿನ ಅಂಚಿನಲ್ಲಿ ನೆಲ ಕುಸಿಯಿತು, ತಗ್ಗಿಗೆ ನೀರು ಬಂತು. ಕಾವೇರಿ ಕಣಿವೆಯ ಪದರಗಳು ಹುಟ್ಟಿದ್ದು ಹೀಗೆ. ಆಗ ಈ ನೆಲ ಸಮಭಾಜಕದಿಂದ ಬಹಳ ದಕ್ಷಿಣಕ್ಕಿತ್ತು. ಇಂದು ನಾವು ಬಿಸಿಲಲ್ಲಿ ಬೆವರುತ್ತಾ ನೋಡುವ ಈ ಚಿಪ್ಪುಗಳು ಬೆಳೆದದ್ದು ಉಷ್ಣವಲಯದ ಕಡಲಲ್ಲಿ ಅಲ್ಲ.

ಯಾವಾಗ ಹೋಗಬೇಕು, ಏನು ಒಯ್ಯಬೇಕು

ಜನವರಿ, ಫೆಬ್ರವರಿ ಒಳ್ಳೆಯದು. ಇಲ್ಲಿ ಜಾಸ್ತಿ ಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆಗ ಕಾರೈ ಜೇಡಿ ಸಾಬೂನಿನ ಹಾಗೆ ಜಾರುತ್ತದೆ, ಕೊರಕಲಿನ ಅಂಚು ಕುಸಿಯುತ್ತದೆ. ಮಳೆ ನಿಂತ ಮೇಲೆ ಹೋದರೆ ಎರಡು ಲಾಭ. ನೆಲ ಗಟ್ಟಿಯಾಗಿರುತ್ತದೆ. ಮಣ್ಣು ತೊಳೆದುಹೋಗಿ ಹೊಸ ಪಳೆಯುಳಿಕೆಗಳು ಮೇಲೆದ್ದಿರುತ್ತವೆ.

ಏಪ್ರಿಲ್, ಮೇ ಬೇಡವೇ ಬೇಡ. ನಾನು ಮೊದಲ ಸಲ ಹೋಗಿದ್ದು ಏಪ್ರಿಲ್‌ನ ಒಂದು ಮಧ್ಯಾಹ್ನ. ನೆತ್ತಿಯ ಮೇಲೆ ಸೂರ್ಯ, ನೆಲವೆಲ್ಲ ಒಂದೇ ಬಣ್ಣ. ಎರಡು ಗಂಟೆ ಸುತ್ತಿದರೂ ಏನೂ ಕಾಣಲಿಲ್ಲ. ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಕೋಲಿನಿಂದ ತೋರಿಸಿದಾಗ ಗೊತ್ತಾಯಿತು, ನನ್ನ ಕಾಲ ಪಕ್ಕದಲ್ಲೇ ಅರ್ಧ ಅಮೊನೈಟ್ ಇತ್ತು. ಮುಂದಿನ ಸಲ ಬೆಳಿಗ್ಗೆ ಏಳಕ್ಕೆ ಹೋದೆ. ಓರೆ ಬಿಸಿಲಲ್ಲಿ ಚಿಪ್ಪಿನ ಪ್ರತಿ ಏಣೂ ತನ್ನ ನೆರಳು ಚೆಲ್ಲಿ ಎದ್ದು ಕಾಣುತ್ತಿತ್ತು. ಅದಕ್ಕೇ ಹೇಳುತ್ತೇನೆ, ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ.

ಚೀಲದಲ್ಲಿ ತಲಾ ಮೂರು ಲೀಟರ್ ನೀರು, ಟೋಪಿ, ದಪ್ಪ ಅಟ್ಟೆಯ ಶೂ. ಚಪ್ಪಲಿ ಸಾಲದು. ಬಳ್ಳಾರಿ ಜಾಲಿಯ ಮುಳ್ಳು ಎಲ್ಲ ಕಡೆ ಇದೆ. ಒಂದು ಭೂತಗನ್ನಡಿ, ನೋಟ್‌ಬುಕ್, ಪೆನ್ಸಿಲ್, ಸಣ್ಣ ಸ್ಕೇಲು. ಸ್ಕೇಲು ಮರೆತರೆ 10 ರೂಪಾಯಿ ನಾಣ್ಯ ಸಾಕು, ಅದರ ಅಗಲ 27 ಮಿ.ಮೀ. ಸುತ್ತಿಗೆ, ಉಳಿ ಮನೆಯಲ್ಲೇ ಇರಲಿ. ಫೋನಿನಲ್ಲಿ ಆ ಭಾಗದ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ಹಿಂದಿನ ದಿನ ಕಣ್ಣು ಪಳಗಿಸಿ

ಪೆರಂಬಲೂರಿಗೆ ಶುಕ್ರವಾರ ಮಧ್ಯಾಹ್ನದ ಹೊತ್ತಿಗೇ ತಲುಪಿದರೆ ತುಂಬ ಅನುಕೂಲ. ಅಲ್ಲಿನ ಕಲೆಕ್ಟರ್ ಕಚೇರಿ ಆವರಣದಲ್ಲಿ ಅಮೊನೈಟ್‌ಗಳಿಗಾಗಿಯೇ ಒಂದು ಕೇಂದ್ರವಿದೆ. ಅರಿಯಲೂರಿನ ಹತ್ತಿರ ವಾರಣವಾಸಿಯಲ್ಲಿ ಪಳೆಯುಳಿಕೆ ಮ್ಯೂಸಿಯಂ ಇದೆ. ಎರಡರಲ್ಲಿ ಒಂದನ್ನಾದರೂ ಹೊಲಕ್ಕೆ ಇಳಿಯುವ ಮೊದಲೇ ನೋಡಿ. ಇಡೀ ಚಿಪ್ಪು ಹೇಗಿರುತ್ತದೆ ಅಂತ ಕಣ್ಣಿಗೆ ಗೊತ್ತಿದ್ದರೆ ಮಾತ್ರ ಹೊಲದಲ್ಲಿ ಅದರ ಚೂರು ಗುರುತು ಸಿಗುತ್ತದೆ.

ಪೆರಂಬಲೂರಿಗೆ ರೈಲಿಲ್ಲ. ಬಸ್ಸು, ಕಾರೇ ಗತಿ. ರೈಲಿನಲ್ಲೇ ಬರುವವರು ಅರಿಯಲೂರಿನಲ್ಲಿ ಇಳಿಯಬೇಕು.

ಕಾರೈ: ಇಲ್ಲಿ ಅವಸರ ಬೇಡ

ಮೊದಲ ದಿನದ ಇಡೀ ಬೆಳಿಗ್ಗೆ ಕಾರೈಗೆ ಕೊಡಿ. ತಿರುಚ್ಚಿ–ಪೆರಂಬಲೂರು ಹೆದ್ದಾರಿಯಿಂದ ಪೂರ್ವಕ್ಕೆ ಒಳಗೆ ಹೋದರೆ ಊರು ಸಿಗುತ್ತದೆ. ಊರಿನ ಹೊರಗೆ ಹಸಿರು ಇದ್ದಕ್ಕಿದ್ದಂತೆ ಮುಗಿದು ಕೆಂಪು, ಕಂದು, ಬೂದು ಬಣ್ಣದ ಬೋಳು ದಿಬ್ಬಗಳು ಶುರುವಾಗುತ್ತವೆ. ಮಳೆ ನೀರು ಕೊರೆದು ಮಾಡಿದ ನೂರಾರು ಕೊರಕಲುಗಳು. ಸುಮಾರು 9ರಿಂದ 11 ಕೋಟಿ ವರ್ಷಗಳ ಹಿಂದೆ ದಡದಿಂದ ದೂರದಲ್ಲಿ, ಆಳದ ನೀರಿನಲ್ಲಿ ನಿಧಾನವಾಗಿ ಕೂತ ಕೆಸರು ಇದು. ಊರಲ್ಲಿ ಮೊದಲು ಯಾರನ್ನಾದರೂ ಕೇಳಿ, ಹೇಳಿ ಹೋಗಿ. ಸುತ್ತಮುತ್ತ ಹೊಲಗಳಿವೆ. ಅವರ ಜಾಗ ಅದು.

ಈಗ ನೋಡುವ ಕ್ರಮ. ಒಂದೇ ಒಂದು ಕೊರಕಲು ಆರಿಸಿಕೊಳ್ಳಿ. ಹತ್ತು ಕೊರಕಲು ಸುತ್ತುವುದಕ್ಕಿಂತ ಒಂದನ್ನು ಪೂರ್ತಿ ನೋಡುವುದು ಮೇಲು. ಬುಡದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಸೂರ್ಯ ನಿಮ್ಮ ಎದುರಿಗಿರಲಿ. ನಿಂತು ನೋಡಬೇಡಿ, ಕುಕ್ಕರಗಾಲಲ್ಲಿ ಕೂತು ನೋಡಿ. ಒಂದು ಗೋಣಿಚೀಲ ಹಾಸುವಷ್ಟು ಜಾಗವನ್ನು ಐದು ನಿಮಿಷ ಸುಮ್ನೆ ನೋಡುತ್ತಾ ಇರಿ. ಮೊದಲ ಎರಡು ನಿಮಿಷ ಬರೀ ಮಣ್ಣು ಕಾಣುತ್ತದೆ. ಆಮೇಲೆ ಒಂದೊಂದೇ ಆಕಾರ ಬೇರೆಯಾಗುತ್ತಾ ಬರುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಹೊಳೆಯುವ ಬಿಳಿ ಪಟ್ಟಿಗಳು. ಅದು ಜಿಪ್ಸಂ, ಪಳೆಯುಳಿಕೆ ಅಲ್ಲ. ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. ಎಳೆ ಎಳೆಯಾಗಿ ರೇಷ್ಮೆಯ ಹಾಗೆ ಮಿನುಗುತ್ತದೆ. ಇದನ್ನು ಗುರುತಿಸಿ ಪಕ್ಕಕ್ಕಿಟ್ಟರೆ ಅರ್ಧ ಗೊಂದಲ ಮುಗಿಯಿತು.

ಪಳೆಯುಳಿಕೆಗಳಲ್ಲಿ ಸುಲಭವಾಗಿ ಸಿಗುವುದು ಬೆಲೆಮ್ನೈಟ್. ಮುರಿದ ಪೆನ್ಸಿಲ್ ತುಂಡಿನ ಹಾಗೆ, ಬಂದೂಕಿನ ಗುಂಡಿನ ಹಾಗೆ ಇರುತ್ತದೆ. ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ನಡುವಿನಿಂದ ಸುತ್ತಲೂ ಸೈಕಲ್ ಚಕ್ರದ ಕಡ್ಡಿಗಳಂತೆ ಗೆರೆಗಳು, ಜೊತೆಗೆ ಮರದ ಉಂಗುರಗಳಂಥ ವೃತ್ತಗಳು. ಇದು ಕಂಡರೆ ಅನುಮಾನವೇ ಬೇಡ. ಇದು ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಜೀವಿಯ ದೂರದ ನೆಂಟನ ಒಳಗಿನ ಗಟ್ಟಿ ಭಾಗ. ಗಿಣಿಯ ಪಂಜರದಲ್ಲಿ ಕಟ್ಟುವ ಬಿಳಿ ಕಡಲನೊರೆ ಇದೆಯಲ್ಲ, ಅದೂ ಇದೇ ಬಳಗದ ಜೀವಿಯೊಂದರ ಒಳಗಿನ ಭಾಗವೇ.

ಆಮೇಲೆ ಅಮೊನೈಟ್. ಬಸವನ ಹುಳುವಿನ ಚಿಪ್ಪಿಗೂ ಇದಕ್ಕೂ ಏನು ವ್ಯತ್ಯಾಸ? ಬಸವನ ಹುಳುವಿನ ಚಿಪ್ಪು ಒಳಗೆ ಒಂದೇ ಉದ್ದ ಕೊಳವೆ. ಅಮೊನೈಟ್ ಒಳಗೆ ಗೋಡೆಗಳಿವೆ, ಕೋಣೆ ಕೋಣೆಯಾಗಿರುತ್ತದೆ. ಜೀವಿ ಕೊನೆಯ ಕೋಣೆಯಲ್ಲಿ ಇರುತ್ತಿತ್ತು. ಆ ಗೋಡೆ ಹೊರ ಚಿಪ್ಪನ್ನು ಮುಟ್ಟುವ ಕಡೆ ಒಂದು ಗೆರೆ ಮೂಡುತ್ತದೆ. ಅಮೊನೈಟ್‌ನಲ್ಲಿ ಆ ಗೆರೆ ನೇರವಾಗಿರುವುದಿಲ್ಲ, ಕೊತ್ತಂಬರಿ ಸೊಪ್ಪಿನ ಅಂಚಿನ ಹಾಗೆ ಹರಿದು ಹರಿದು ಓಡುತ್ತದೆ. ಈ ಗೆರೆಯನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ, ಎರಡನೇ ದಿನ ಸಂಜೆ ಮತ್ತೆ ಬೇಕಾಗುತ್ತದೆ. ಎಲ್ಲ ಅಮೊನೈಟ್‌ಗಳೂ ಚಕ್ರದಂತೆ ಸುತ್ತಿಕೊಂಡಿರುವುದಿಲ್ಲ. ಕೆಲವು ತಿರುಪಿನ ಹಾಗೆ ಗೋಪುರವಾಗಿ ಬೆಳೆದಿವೆ, ಕೆಲವು ಕೊಕ್ಕೆಯಂತಿವೆ.

ಅದೃಷ್ಟ ಇದ್ದರೆ ಶಾರ್ಕ್ ಹಲ್ಲು ಕಾಣಬಹುದು. ಸಣ್ಣದು, ಆದರೆ ಅದರ ಹೊಳಪು ಬೇರೆ ಯಾವ ಕಲ್ಲಿಗೂ ಇಲ್ಲ. ಇನ್ನೂ ಅಪರೂಪ ಇಕ್ತಿಯೋಸಾರ್ ಬೆನ್ನುಮೂಳೆಯ ಮಣಿ. ಮೀನಿನಂಥ ಮೈಯ ಕಡಲ ಸರೀಸೃಪ ಅದು. ಮಣಿ ಕೇರಂ ಕಾಯಿಯ ಆಕಾರ, ಎರಡೂ ಕಡೆ ನಡುವೆ ತಗ್ಗು.

ಕಂಡದ್ದು ಉದುರಿದ್ದೋ, ನಾಟಿಕೊಂಡದ್ದೋ? ಇದು ಪ್ರತಿ ಸಲವೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಕೊರಕಲಿನ ಬುಡದಲ್ಲಿ ಬಿದ್ದಿರುವ ಚಿಪ್ಪು ಮೇಲಿನ ಯಾವುದೋ ಪದರದಿಂದ ಉರುಳಿ ಬಂದಿರುತ್ತದೆ. ತಲೆ ಎತ್ತಿ ನೋಡಿ, ಅಂಥದ್ದೇ ಚೂರುಗಳು ಯಾವ ಎತ್ತರದವರೆಗೆ ಸಿಗುತ್ತವೆ, ಎಲ್ಲಿ ನಿಲ್ಲುತ್ತವೆ? ನಿಲ್ಲುವ ಕಡೆ ಅದರ ಮನೆ ಇದೆ. ಪದರದಲ್ಲೇ ಹುದುಗಿರುವ ಚಿಪ್ಪು ಸಿಕ್ಕರೆ ಅದು ನೂರು ಉದುರಿದ ಚಿಪ್ಪುಗಳಿಗೆ ಸಮ. ಯಾವ ಪದರದಲ್ಲಿ ಯಾವ ಜೀವಿ ಅನ್ನುವುದರಿಂದಲೇ ಇಲ್ಲಿನ ವಯಸ್ಸು ಲೆಕ್ಕ ಹಾಕಿದ್ದಾರೆ. ಅಮೊನೈಟ್ ಜಾತಿಗಳು ಬೇಗ ಬೇಗ ಬದಲಾದವು, ಹಾಗಾಗಿ ಅವು ಕ್ಯಾಲೆಂಡರಿನ ಹಾಳೆಗಳಂತೆ ಕೆಲಸ ಮಾಡುತ್ತವೆ.

ಕೊರಕಲಿನ ಗೋಡೆಗೆ ಒರಗಬೇಡಿ. ಅಂಚಿನಲ್ಲಿ ನಿಲ್ಲಬೇಡಿ. ಕಾಣದ ಕಡೆ ಕೈ ಹಾಕಬೇಡಿ, ಹಾವುಗಳಿರುತ್ತವೆ. ಇಳಿಜಾರಿನ ಮೇಲೆ ಓಡಾಡುವುದು ಆದಷ್ಟು ಕಡಿಮೆ ಇರಲಿ. ನಮ್ಮ ಹೆಜ್ಜೆಗೆ ಒಂದೊಂದು ಚಿಪ್ಪು ಪುಡಿಯಾಗುತ್ತದೆ.

ಬರೆದುಕೊಳ್ಳುವ ರೀತಿ

ಒಂದು ಪಳೆಯುಳಿಕೆಗೆ ಮೂರು ಫೋಟೋ. ಮೊದಲನೆಯದು ದೂರದಿಂದ, ಇಡೀ ದಿಬ್ಬ ಕಾಣುವಂತೆ. ಎರಡನೆಯದು ಎರಡು ಹೆಜ್ಜೆ ದೂರದಿಂದ, ಸುತ್ತಲಿನ ಪದರ ಕಾಣುವಂತೆ. ಮೂರನೆಯದು ಹತ್ತಿರದಿಂದ, ಪಕ್ಕದಲ್ಲಿ ನಾಣ್ಯ ಇಟ್ಟು. ಜನ ಸಾಮಾನ್ಯವಾಗಿ ಮೂರನೆಯದನ್ನು ಮಾತ್ರ ತೆಗೆಯುತ್ತಾರೆ. ಆ ಫೋಟೋದಿಂದ ಯಾರಿಗೂ ಏನೂ ಹೇಳಲು ಆಗುವುದಿಲ್ಲ.

ಮ್ಯಾಪ್‌ನಲ್ಲಿ ನೀವಿರುವ ಜಾಗವನ್ನು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಬರುತ್ತದೆ. ಅದನ್ನು ಪುಸ್ತಕದಲ್ಲೂ ಬರೆಯಿರಿ, ಫೋನ್ ಕೈಕೊಡಬಹುದು. ತಾರೀಖು, ಹೊತ್ತು, ಮಣ್ಣಿನ ಬಣ್ಣ, ಕೆಳಗಿನ ಪದರ ಏನು, ಮೇಲಿನದು ಏನು, ಉದುರಿದ್ದೋ ನಾಟಿಕೊಂಡದ್ದೋ. ಇಷ್ಟು ಸಾಕು. ಚಿತ್ರ ಬರೆಯಲು ಬರುವುದಿಲ್ಲ ಎಂದು ಹಿಂಜರಿಯಬೇಡಿ. ಎಷ್ಟು ಸೊಟ್ಟಗೆ ಬರೆದರೂ ಕೈ ಬರೆಯುವಾಗ ಕಣ್ಣು ನೋಡುತ್ತದೆ. ಮಕ್ಕಳು ಜೊತೆಗಿದ್ದರೆ ಅವರಿಗೇ ಈ ಕೆಲಸ ಕೊಡಿ.

ಮಧ್ಯಾಹ್ನ ಸಾತ್ತನೂರು, ಸಂಜೆ ಗರುಡಮಂಗಲಂ

ಬಿಸಿಲೇರಿದ ಮೇಲೆ ಸಾತ್ತನೂರಿಗೆ ಹೊರಡಿ. ದಾರಿ ತಪ್ಪಿದರೆ ‘ಕಲ್‌ಮರಂ ಎಂಗೆ?’ ಎಂದು ಕೇಳಿ. ನಮಗೂ ಅರ್ಥವಾಗುವ ಮಾತೇ, ಕಲ್ಲಾದ ಮರ. ಭೂವೈಜ್ಞಾನಿಕ ಸರ್ವೇಕ್ಷಣೆ ಬೇಲಿ ಹಾಕಿ ಕಾಪಾಡಿರುವ ಜಾಗ. ಸುಮಾರು 18 ಮೀಟರ್ ಉದ್ದದ ಕಾಂಡ ನೆಲದಲ್ಲಿ ಮಲಗಿದೆ. 1940ರಲ್ಲಿ ಇದನ್ನು ಗುರುತಿಸಿದವರು ಭೂವಿಜ್ಞಾನಿ ಎಂ. ಎಸ್. ಕೃಷ್ಣನ್. ಇದರ ವಯಸ್ಸು 12 ಕೋಟಿ ವರ್ಷ ಎಂದು ಎಷ್ಟೋ ಕಡೆ ಓದುತ್ತೀರಿ. ಆದರೆ ಮರ ಮಲಗಿರುವ ತಿರುಚಿನಾಪಳ್ಳಿ ಗುಂಪಿನ ಪದರಗಳು ಸುಮಾರು 9 ಕೋಟಿ ವರ್ಷದವು. ನಾನು ಪದರದ ಮಾತನ್ನೇ ನಂಬುತ್ತೇನೆ.

ಇಲ್ಲಿ ಯೋಚಿಸಬೇಕಾದ್ದು ಒಂದಿದೆ. ಸುತ್ತಲಿನ ಪದರ ಕಡಲಿನದು, ಮಲಗಿರುವುದು ದಡದ ಮರ. ನದಿಯಲ್ಲಿ ತೇಲಿ ಬಂದು, ನೀರು ಕುಡಿದು ಮುಳುಗಿ, ಮರಳಿನಲ್ಲಿ ಹೂತುಹೋಗಿರಬೇಕು. ಆಮೇಲೆ ನೀರಿನಲ್ಲಿ ಕರಗಿದ್ದ ಸಿಲಿಕಾ ಮರದ ಒಂದೊಂದು ಕಣದೊಳಗೂ ಸೇರಿ ಗಟ್ಟಿಯಾಯಿತು.

ಸಂಜೆಗೆ ಗರುಡಮಂಗಲಂ. ಇಲ್ಲಿ ಕಡಲು ಆಳ ಕಳೆದುಕೊಂಡಿದೆ. ಕೆಸರಿನ ಬದಲು ಮರಳುಗಲ್ಲು, ಚಿಪ್ಪುಗಳೇ ಒತ್ತಿ ಸೇರಿದ ಸುಣ್ಣಕಲ್ಲು. ಇದನ್ನು ಹೊಳಪು ಕೊಟ್ಟು ಅಲಂಕಾರಕ್ಕೆ ಬಳಸುತ್ತಿದ್ದರು, ‘ತಿರುಚ್ಚಿ ಮಾರ್ಬಲ್’ ಎನ್ನುತ್ತಾರೆ. ಕರಿಗಲ್ಲಿನ ಮೇಲೆ ಬಿಳಿ ಶಂಖಗಳ ಅಡ್ಡಸೀಳು ಕಂಡರೆ ರಂಗೋಲಿ ಎಳೆದ ಹಾಗಿರುತ್ತದೆ.

ಎರಡನೇ ದಿನ: ಅರಿಯಲೂರು

ಅರಿಯಲೂರು ಸಿಮೆಂಟಿನ ಊರು. ಕಾರಣ ಕಲ್ಲಂಕುರಿಚ್ಚಿಯ ಸುಣ್ಣಕಲ್ಲು. ಅಂಗೈ ಅಗಲದ ದಪ್ಪ ಸಿಂಪಿಗಳು ಗುಡ್ಡೆ ಗುಡ್ಡೆಯಾಗಿ ಸೇರಿ ಆದ ಪದರ. ಅದೇ ಪುಡಿಯಾಗಿ, ಸುಟ್ಟು ಚೀಲ ಸೇರುತ್ತದೆ. ಗಣಿಗಳು ನಡೆಯುತ್ತಿವೆ. ಬರಹದ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಮೇಲಿನಿಂದ ಕಲ್ಲು ಬೀಳುತ್ತದೆ, ಸಿಡಿಮದ್ದು ಸಿಡಿಸುತ್ತಾರೆ. ಅನುಮತಿ ಸಿಗದಿದ್ದರೆ ಬೇಜಾರು ಬೇಡ, ವಾರಣವಾಸಿ ಮ್ಯೂಸಿಯಂ ನೋಡಿ.

ಕಲ್ಲಮೇಡಿನಲ್ಲಿ ಕಣ್ಣಿಗೆ ಜಾಸ್ತಿ ಏನೂ ಬೀಳುವುದಿಲ್ಲ. ಆದರೂ ಹೋಗಿ, ಯಾಕೆಂದರೆ ಇಲ್ಲಿ ಕಡಲು ಹಿಂದೆ ಸರಿದು ನದಿ ಹರಿದಿದೆ. ಡೈನೋಸಾರ್‌ಗಳ ಕಾಲದ ಕೊನೆಯ ದಿನಗಳು. ಈ ಪದರದಿಂದಲೇ 1980ರ ದಶಕದಲ್ಲಿ ಯಾದಗಿರಿ ಮತ್ತು ಅಯ್ಯಸಾಮಿ ಎಂಬ ವಿಜ್ಞಾನಿಗಳು ಭಾರಿ ಮೂಳೆಗಳನ್ನು ವರದಿ ಮಾಡಿ ‘ಬೃಹತ್ಕಾಯೊಸಾರಸ್’ ಎಂದು ಹೆಸರಿಟ್ಟರು. ಮೊಣಕಾಲಿನ ಕೆಳಗಿನ ಒಂದು ಮೂಳೆಯೇ 2 ಮೀಟರ್ ಉದ್ದ. ಆದರೆ ಮೂಳೆಗಳು ಬಹಳ ಶಿಥಿಲವಾಗಿದ್ದವು, ಪುಡಿಯಾಗಿ ಹೋದವು. ಉಳಿದದ್ದು ಬರಹ, ಕೆಲವು ಗೆರೆಚಿತ್ರ. ಅದು ಮೂಳೆಯೇ ಅಲ್ಲ, ಕಲ್ಲಾದ ಮರ ಎಂದವರೂ ಇದ್ದರು. 2022ರಲ್ಲಿ ಆ ಕಾಲದ ಹಳೆಯ ಫೋಟೋಗಳು ಪ್ರಕಟವಾದ ಮೇಲೆ ಮೂಳೆ ಎನ್ನುವ ವಾದಕ್ಕೆ ಮತ್ತೆ ಬಲ ಬಂತು. ಭೂಮಿಯ ಮೇಲೆ ನಡೆದಾಡಿದ ಅತಿ ದೊಡ್ಡ ಪ್ರಾಣಿಗಳಲ್ಲಿ ಒಂದಾಗಿರಬಹುದಾದ ಜೀವಿಗೆ ಇಂದು ಸಾಕ್ಷಿ ಅಂದರೆ ಹೊಲದಲ್ಲಿ ಯಾರೋ ತೆಗೆದಿಟ್ಟ ಫೋಟೋಗಳು. ಮೂರು ಫೋಟೋ ತೆಗೆಯಿರಿ ಎಂದು ನಾನು ಒತ್ತಿ ಹೇಳಿದ್ದು ಇದಕ್ಕೇ.

ನಿಮಗೆ ಮೂಳೆಯಂಥದ್ದು ಕಂಡರೆ ಅಗೆಯಬೇಡಿ, ನೀರು ಹಾಕಿ ತೊಳೆಯಬೇಡಿ. ಫೋಟೋ, ಜಾಗದ ಗುರುತು ತೆಗೆದುಕೊಂಡು ಮ್ಯೂಸಿಯಂಗೆ ಅಥವಾ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ. ಕೂಡಲೇ ವಾಟ್ಸಾಪ್‌ಗೆ ಹಾಕಬೇಡಿ. 2020ರಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಬಳಿ ಕೆರೆಯಲ್ಲಿ ದುಂಡು ಕಲ್ಲುಗಳು ಸಿಕ್ಕಾಗ ಡೈನೋಸಾರ್ ಮೊಟ್ಟೆ ಎಂದು ಸುದ್ದಿ ಹಬ್ಬಿತು. ನೋಡಿದ ತಜ್ಞರು ಮೊಟ್ಟೆ ಅಲ್ಲ ಎಂದರು. ಕೆಸರಿನಲ್ಲಿ ಒಂದು ಚಿಪ್ಪು ಅಥವಾ ಚೂರಿನ ಸುತ್ತ ಖನಿಜ ಗಟ್ಟಿಯಾಗುತ್ತಾ ಬೆಳೆದ ಉಂಡೆಗಳು ಈ ಪದರಗಳಲ್ಲಿ ಸಾಮಾನ್ಯ.

ಯಾರಾದರೂ ಪಳೆಯುಳಿಕೆ ಮಾರಲು ತಂದರೆ ಕೊಳ್ಳಬೇಡಿ. ಒಂದು ಸಲ ಬೆಲೆ ಸಿಕ್ಕರೆ ನಾಳೆ ದಿಬ್ಬವನ್ನೇ ಅಗೆಯುತ್ತಾರೆ. ‘ಒಂದೇ ಒಂದು ನೆನಪಿಗೆ’ ಅಂತ ಜೇಬಿಗೆ ಹಾಕುವುದೂ ಬೇಡ. ನಿಮ್ಮ ಮನೆಯ ಷೋಕೇಸಿನಲ್ಲಿ ಅದು ಯಾವ ಪದರದ್ದು ಎನ್ನುವ ಸುದ್ದಿ ಕಳೆದುಕೊಂಡ ಬರೀ ಕಲ್ಲು.

ಕೊನೆಯ ನಿಲ್ದಾಣ ನಿನಿಯೂರು

ಸಂಜೆ ನಾಲ್ಕರ ಹೊತ್ತಿಗೆ ಇಲ್ಲಿರಿ. ಕಡಲು ಮತ್ತೆ ಬಂದಿದೆ, ಸುಣ್ಣಕಲ್ಲು ಮತ್ತೆ ಶುರುವಾಗಿದೆ. ಆದರೆ ನೀವೀಗ ನಿಂತಿರುವುದು 6.6 ಕೋಟಿ ವರ್ಷಗಳ ಗೆರೆಯ ಈಚೆ ಬದಿಯಲ್ಲಿ. ಆ ಗೆರೆಯಲ್ಲಿ ಡೈನೋಸಾರ್‌ಗಳು ಹೋದವು, ಅಮೊನೈಟ್‌ಗಳೂ ಹೋದವು.

ಎರಡು ದಿನ ಪಳಗಿದ ಕಣ್ಣಿನಿಂದ ಹುಡುಕಿ. ಅಮೊನೈಟ್ ಸಿಗುವುದಿಲ್ಲ. ಕೋಣೆಗಳಿರುವ, ಸುತ್ತಿಕೊಂಡ ಚಿಪ್ಪು ಒಂದು ಕಂಡರೂ ಕಾಣಬಹುದು. ಆಗ ಬಗ್ಗಿ ಆ ಗೋಡೆಯ ಗೆರೆ ನೋಡಿ. ಕೊತ್ತಂಬರಿ ಸೊಪ್ಪಿನ ಅಂಚು ಇರುವುದಿಲ್ಲ. ಸೀರೆಯ ಮಡಿಕೆಯಂತೆ ಮೆಲ್ಲಗೆ ಬಾಗಿದ ಗೆರೆ ಇರುತ್ತದೆ. ಅದು ನಾಟಿಲಸ್ ಬಳಗದ್ದು. ಆ ಬಳಗ ಉಳಿದುಕೊಂಡಿತು. ಅದರ ವಂಶದವರು ಇಂದಿಗೂ ಶಾಂತಸಾಗರದ ಆಳದಲ್ಲಿ ಈಜುತ್ತಿದ್ದಾರೆ.